ಗುಲಾಬಿ ಮೂಸಿದರೆ ನೆಗಡಿ ಏಕೆ? ಹಕೀಮ್ ರಾಝಿಯವರ ಜೀವನದಿಂದ

ರಾಝಿ ಎಂದಾಕ್ಷಣ ನಿಮ್ಮಲ್ಲಿ ಹಲವರಿಗೆ ತಫ್ಸೀರ್ ಬರೆದ ಇಮಾಮ್ ಫಕ್ರುದ್ದೀನ್ ರಾಝಿ ನೆನಪಾಗಬಹುದು. ಇಲ್ಲಿ ಹೇಳುತ್ತಿರುವುದು ಅವರಿಗಿಂತ ಸುಮಾರು ಮುನ್ನೂರು ವರ್ಷ ಮೊದಲಿನ ವೈದ್ಯ ಅಬೂಬಕರ್ ಮುಹಮ್ಮದ್ ಇಬ್ನ್ ಝಕರಿಯ್ಯಾ ರಾಝಿಯವರ ಬಗ್ಗೆ. ಇಬ್ಬರೂ ಇರಾನಿನ ರೈ ನಗರದವರು, ಹೆಸರು ಊರಿನಿಂದ ಬಂದದ್ದು.

ಇವರ ಜನನ ಹಿಜರಿ 251, ಅಂದರೆ ಕ್ರಿ.ಶ. 865ರಲ್ಲಿ. ಮೊದಲು ರಸವಿದ್ಯೆಯಲ್ಲಿ ಮುಳುಗಿದ್ದವರು ವೈದ್ಯವೃತ್ತಿಗೆ ಬಂದದ್ದು ತಡವಾಗಿ. ಆದರೂ ರೈ ನಗರದ ಆಸ್ಪತ್ರೆಗೆ, ಬಳಿಕ ಬಗ್ದಾದಿನ ಆಸ್ಪತ್ರೆಗೆ ಮುಖ್ಯಸ್ಥರಾದರು. ಶಿಷ್ಯರು ಅವರ ಮುಂದೆ ಸಾಲುಸಾಲಾಗಿ ಕೂರುತ್ತಿದ್ದರಂತೆ. ಬಂದವರು ತಮ್ಮ ಕಾಯಿಲೆಯನ್ನು ಮೊದಲು ಹೊರಗಿನ ಸಾಲಿನವರಿಗೆ ಹೇಳಬೇಕು; ಅವರಿಗೆ ತಿಳಿಯದಿದ್ದರೆ ಒಳಸಾಲಿಗೆ, ಕಡೆಗೆ ಗುರುಗಳಿಗೆ. ಬಡ ರೋಗಿಗಳ ಬಗ್ಗೆ ಅವರಿಗಿದ್ದ ಕನಿಕರವನ್ನೂ ಇಬ್ನ್ ನದೀಮ್ ದಾಖಲಿಸಿದ್ದಾರೆ.

ಸಿಡುಬು ಬೇರೆ, ದಡಾರ ಬೇರೆ ಎಂದು ಲಕ್ಷಣಗಳನ್ನು ಬಿಡಿಸಿ ಅವರು ಬರೆದ ಗ್ರಂಥ ಪ್ರಸಿದ್ಧ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ಕೆಲಸ. ಮಿದುಳಿನ ಉರಿಯೂತ ಬರುವಂತೆ ಕಂಡ ರೋಗಿಗಳಲ್ಲಿ ಒಂದು ಗುಂಪಿಗೆ ರಕ್ತ ತೆಗೆಸಿ, ಇನ್ನೊಂದು ಗುಂಪಿಗೆ ಬೇಕೆಂದೇ ತೆಗೆಸದೆ, ಎರಡನ್ನೂ ಹೋಲಿಸಿ ನೋಡಿದರು. ಗುರುಸ್ಥಾನದಲ್ಲಿದ್ದ ಗ್ಯಾಲೆನ್‌ನ ಮಾತುಗಳ ಮೇಲಿನ ಸಂದೇಹಗಳನ್ನೇ ಒಂದು ಪುಸ್ತಕ ಮಾಡಿದರು. ಅವರ ಧಾರ್ಮಿಕ ವಿಚಾರಗಳ ಬಗ್ಗೆ ವಿದ್ವಾಂಸರಲ್ಲಿ ತೀವ್ರ ಆಕ್ಷೇಪಗಳಿವೆ. ಆ ಚರ್ಚೆ ಇಲ್ಲಿ ಬೇಡ.

ಈಗ ಗುಲಾಬಿಯ ವಿಷಯ. ಅವರ ಸಮಕಾಲೀನ ವಿದ್ವಾಂಸ ಅಬೂ ಝೈದ್ ಬಲ್ಖಿಯವರಿಗೆ ವಸಂತ ಬಂತೆಂದರೆ, ಗುಲಾಬಿ ಮೂಸಿದರೆ ನೆಗಡಿ. ಎಲ್ಲರೂ ಮೂಸುವ ಹೂವು ಇವರೊಬ್ಬರಿಗೇ ಏಕೆ ಹೀಗೆ? ರಾಝಿಯವರು ಇದನ್ನು ಕ್ಷುಲ್ಲಕವೆಂದು ಬಿಡದೆ ಒಂದು ಪುಟ್ಟ ಪ್ರಬಂಧವನ್ನೇ ಬರೆದರು. ಅಲರ್ಜಿಯನ್ನು ಅವರೇ ಕಂಡುಹಿಡಿದರೆಂದು ಕೆಲವರು ಹೆಮ್ಮೆಯಿಂದ ಬರೆಯುವುದುಂಟು. ಅದು ಸರಿಯಲ್ಲ. ಅವರು ಕೊಟ್ಟ ಕಾರಣ ಆ ಕಾಲದ ದೇಹರಸಗಳ ಸಿದ್ಧಾಂತದ್ದು. ಋತು, ಹೂವು, ವ್ಯಕ್ತಿ ಈ ಮೂರರ ನಂಟನ್ನು ಗುರುತಿಸಿದ್ದು ಮಾತ್ರ ಅವರ ಹಿರಿಮೆ. (ಗುಲಾಬಿಯ ಪರಾಗ ಭಾರವಾದದ್ದು, ಗಾಳಿಯಲ್ಲಿ ಹೆಚ್ಚು ಹಾರದು. ಅದೇ ಋತುವಿನಲ್ಲಿ ಹೂಬಿಡುವ ಹುಲ್ಲಿನ ಮೇಲೆ ಇಂದಿನ ವೈದ್ಯರಿಗೆ ಅನುಮಾನ ಬಂದೀತು.)

ಉತ್ತರಕ್ಕೆ ಸಾವಿರ ವರ್ಷ ಹಿಡಿಯಿತು. 1878ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಮಾಸ್ಟ್ ಕೋಶಗಳನ್ನು ಗುರುತಿಸಿದರು. ಅವುಗಳಲ್ಲಿ ಹಿಸ್ಟಮಿನ್ ತುಂಬಿದೆ ಎಂಬುದು 1953ರಲ್ಲಿ ತಿಳಿಯಿತು. 1966ರಲ್ಲಿ ಇಶಿಝಾಕಾ ದಂಪತಿ ಐಜಿಇ ಪ್ರತಿಕಾಯವನ್ನು ಕಂಡುಹಿಡಿದರು. ನಡೆಯುವುದು ಹೀಗೆ: ಪರಾಗ ಮೊದಲು ಮೂಗು ಹೊಕ್ಕಾಗ ಹೊರಗೇನೂ ಕಾಣುವುದಿಲ್ಲ. ಒಳಗೆ ಟಿ ಕೋಶಗಳ ಸೂಚನೆಯಂತೆ ಬಿ ಕೋಶಗಳು ಐಜಿಇ ತಯಾರಿಸುತ್ತವೆ. ಅದು ಹೋಗಿ ಮಾಸ್ಟ್ ಕೋಶಗಳ ಮೈಮೇಲೆ ಕೂರುತ್ತದೆ. ಮತ್ತೆ ಅದೇ ಪರಾಗ ಬಂದು ಅಕ್ಕಪಕ್ಕದ ಎರಡು ಐಜಿಇಗಳನ್ನು ಒಟ್ಟಿಗೆ ಹಿಡಿದರೆ ಸಾಕು, ಕೆಲವೇ ನಿಮಿಷಗಳಲ್ಲಿ ಹಿಸ್ಟಮಿನ್ ಹೊರಚೆಲ್ಲುತ್ತದೆ. ರಕ್ತನಾಳ ಸಡಿಲಾಗಿ ನೀರು ಸೋರುತ್ತದೆ, ನರ ಕೆರಳಿ ಸೀನು ಬರುತ್ತದೆ. ಎಲ್ಲರಿಗೂ ಹೀಗಾಗದಿರುವುದು ಏಕೆಂದರೆ ಕಡಿವಾಣ ಹಾಕುವ ಕೋಶಗಳೂ ಇವೆ. ನಿಯಂತ್ರಕ ಟಿ ಕೋಶಗಳು ಈ ಅತಿಯಾದ ಪ್ರತಿಕ್ರಿಯೆಯನ್ನು ತಡೆಯುತ್ತವೆ. ಅಲರ್ಜಿ ತರುವ ವಸ್ತುವನ್ನೇ ವೈದ್ಯರು ಅಲ್ಪ ಪ್ರಮಾಣದಲ್ಲಿ ಕೊಡುತ್ತಾ ಬರುವ ಚಿಕಿತ್ಸೆ ಈ ಕಡಿವಾಣವನ್ನೇ ಬಲಪಡಿಸುತ್ತದೆ. ನೀವು ಅಂಗಡಿಯಿಂದ ತರುವ ಅಲರ್ಜಿ ಮಾತ್ರೆ ಹಿಸ್ಟಮಿನ್ ಹೊರಬರುವುದನ್ನು ನಿಲ್ಲಿಸುವುದಿಲ್ಲ, ಅದು ತಾಗುವ ಜಾಗವನ್ನು ಮುಚ್ಚುತ್ತದೆ ಅಷ್ಟೆ.

ಕೊನೆಗಾಲದಲ್ಲಿ ರಾಝಿಯವರ ಕಣ್ಣಿನ ದೃಷ್ಟಿ ಹೋಯಿತು. ಹಿಜರಿ 313ರಲ್ಲಿ (ಕ್ರಿ.ಶ. 925) ಹುಟ್ಟೂರಿನಲ್ಲೇ ತೀರಿಕೊಂಡರು. ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಕೂಡಿಸಿ ಮಾಡಿದ್ದೇ ಅಲ್-ಹಾವೀ. 1279ರಲ್ಲಿ ಅದು ಲ್ಯಾಟಿನ್‌ಗೆ ಅನುವಾದವಾಯಿತು, 1486ರಲ್ಲಿ ಇಟಲಿಯಲ್ಲಿ ಅಚ್ಚಾಯಿತು. ಒಬ್ಬರ ನೆಗಡಿಯ ಬಗ್ಗೆ ಬರೆದ ಆ ಪುಟ್ಟ ಪ್ರಬಂಧವೂ ಹಸ್ತಪ್ರತಿಗಳಲ್ಲಿ ಉಳಿದು ಬಂದಿದೆ.