ಆವಿಯನ್ನು ಅಳೆದ ವೈದ್ಯ: ಜಾನ್ ಸ್ನೋ

ಮಕ್ಕಳೇ, ಹಿಂದೆ ಶಸ್ತ್ರಚಿಕಿತ್ಸೆ ಎಂದರೆ ನಾಲ್ಕಾರು ಜನ ರೋಗಿಯನ್ನು ಅದುಮಿ ಹಿಡಿದು ಮಾಡುವ ಕೆಲಸವಾಗಿತ್ತು. 1846ರಲ್ಲಿ ಬಾಸ್ಟನ್ ನಗರದಲ್ಲಿ ಈಥರ್, 1847ರಲ್ಲಿ ಎಡಿನ್‌ಬರೋ ನಗರದಲ್ಲಿ ಕ್ಲೋರೋಫಾರ್ಮ್ ಬಳಕೆಗೆ ಬಂದವು. ಇವುಗಳ ಆವಿಯನ್ನು ಉಸಿರಾಡಿದರೆ ಎಚ್ಚರ ತಪ್ಪುತ್ತದೆ, ನೋವು ತಿಳಿಯುವುದಿಲ್ಲ. ಆದರೆ ಅಪಾಯವೂ ಜೊತೆಗೇ ಬಂತು. ಅದರ ಕಾರಣ ಹುಡುಕಿದವರು ಜಾನ್ ಸ್ನೋ.

ಸ್ನೋ 1813ರ ಮಾರ್ಚ್ 15ರಂದು ಇಂಗ್ಲೆಂಡಿನ ಯಾರ್ಕ್‌ನಲ್ಲಿ ಕೂಲಿಕಾರರೊಬ್ಬರ ಮಗನಾಗಿ ಜನಿಸಿದರು. 14ನೇ ವಯಸ್ಸಿಗೇ ವೈದ್ಯರೊಬ್ಬರ ಬಳಿ ಕೆಲಸ ಕಲಿಯಲು ಸೇರಿದರು. 1844ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಎಂ.ಡಿ. ಪದವಿ ಪಡೆದರು.

1848ರ ಜನವರಿ 28ರಂದು ನ್ಯೂಕ್ಯಾಸಲ್ ಬಳಿ ಹಾನ್ನಾ ಗ್ರೀನರ್ ಎಂಬ 15 ವರ್ಷದ ಹುಡುಗಿಯ ಕಾಲ್ಬೆರಳಿನ ಉಗುರು ತೆಗೆಯಬೇಕಿತ್ತು. ಬಟ್ಟೆಗೆ ಕ್ಲೋರೋಫಾರ್ಮ್ ಹಾಕಿ ಮೂಗಿಗೆ ಹಿಡಿದರು. ಕೆಲವೇ ನಿಮಿಷಗಳಲ್ಲಿ ಆಕೆ ತೀರಿಕೊಂಡಳು. ಎಚ್ಚರಿಸಲೆಂದು ಬಾಯಿಗೆ ಹಾಕಿದ ನೀರು, ಬ್ರಾಂದಿಯೇ ಉಸಿರು ಕಟ್ಟಿಸಿತೆಂದು ಕ್ಲೋರೋಫಾರ್ಮನ್ನು ಬಳಕೆಗೆ ತಂದ ಸಿಂಪ್ಸನ್ ವಾದಿಸಿದರು. ಸ್ನೋ ಒಪ್ಪಲಿಲ್ಲ. ಆವಿ ತೀರಾ ದಟ್ಟವಾಗಿದ್ದರಿಂದ ಹೃದಯ ನಿಂತಿತು ಎಂದರು. ಅದೇನೇ ಇರಲಿ, ಎಚ್ಚರ ತಪ್ಪಿದವರ ಬಾಯಿಗೆ ನೀವು ಏನನ್ನೂ ಹಾಕಬೇಡಿ. ಅದು ಶ್ವಾಸನಾಳಕ್ಕೆ ಇಳಿಯಬಹುದು.

ಬಿಸಿಲಲ್ಲಿ ಒದ್ದೆ ಬಟ್ಟೆ ಬೇಗ ಒಣಗುತ್ತದೆ, ಅಲ್ಲವೇ? ಬಿಸಿ ಹೆಚ್ಚಿದಂತೆ ಕ್ಲೋರೋಫಾರ್ಮ್ ಕೂಡ ಹೆಚ್ಚು ಆವಿಯಾಗುತ್ತದೆ. ಬಟ್ಟೆಯಿಂದ ಎಷ್ಟು ಆವಿ ಹೊರಟಿತೆಂದು ತಿಳಿಯುವುದು ಹೇಗೆ? ಸ್ನೋ ಬೇರೆ ಬೇರೆ ಉಷ್ಣತೆಯಲ್ಲಿ ಅಳೆದು ನೋಡಿದರು. ಪ್ರಾಣಿಗಳ ಮೇಲೂ ತಮ್ಮ ಮೇಲೂ ಪ್ರಯೋಗ ಮಾಡಿದರು. ರೋಗಿ ಉಸಿರಾಡುವ ಗಾಳಿಯಲ್ಲಿ ಆವಿ ಸುಮಾರು ಶೇ. 5ನ್ನು ಮೀರಬಾರದು ಎಂದು ಕಂಡುಕೊಂಡರು. ಅದಕ್ಕಾಗಿ ಉಪಕರಣವೊಂದನ್ನು ರೂಪಿಸಿದರು. ಸುತ್ತಲಿನ ನೀರು ಅದರ ಉಷ್ಣತೆಯನ್ನು ಹಿಡಿತದಲ್ಲಿಡುತ್ತಿತ್ತು. ಮುಖವಾಡದ ಕವಾಟ ಸರಿಸಿದರೆ ಶುದ್ಧ ಗಾಳಿ ಬೆರೆಯುತ್ತಿತ್ತು. ಶಸ್ತ್ರಚಿಕಿತ್ಸೆ ಮುಗಿಯುವವರೆಗೂ ಅವರು ರೋಗಿಯ ಉಸಿರಾಟ, ನಾಡಿಗಳನ್ನು ಗಮನಿಸುತ್ತಿದ್ದರು.

ಹೀಗೆ ಸ್ನೋ 4000ಕ್ಕೂ ಹೆಚ್ಚು ಬಾರಿ ಕ್ಲೋರೋಫಾರ್ಮ್ ಕೊಟ್ಟರು. 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗೂ ಅವರನ್ನೇ ಕರೆಸಿದ್ದರು. 1854ರಲ್ಲಿ ಲಂಡನ್ನಿನ ಕಾಲರಾ ಬೀದಿ ಪಂಪಿನ ನೀರಿನಿಂದ ಹರಡಿತೆಂದು ತೋರಿಸಿಕೊಟ್ಟವರೂ ಇವರೇ. 1858ರ ಜೂನ್ 16ರಂದು, 45ನೇ ವಯಸ್ಸಿನಲ್ಲಿ ನಿಧನರಾದರು.

ಇಂದು ಶಸ್ತ್ರಚಿಕಿತ್ಸೆಗೆ ಕ್ಲೋರೋಫಾರ್ಮ್ ಬಳಸುವುದಿಲ್ಲ. ಆದರೆ ಅರಿವಳಿಕೆ ತಜ್ಞರು ಇಂದಿಗೂ ಆವಿಯನ್ನು ಅಳೆದೇ ಕೊಡುತ್ತಾರೆ. ಉಸಿರಿನ ದಾರಿ ತೆರೆದಿರುವಂತೆ ನೋಡಿಕೊಳ್ಳುತ್ತಾರೆ. ನಾಡಿ ಮತ್ತು ರಕ್ತದಲ್ಲಿನ ಆಮ್ಲಜನಕವನ್ನು ಕ್ಷಣಕ್ಷಣವೂ ಗಮನಿಸುತ್ತಾರೆ.

ಮಾಡಿ ನೋಡಿ: ಒಂದೇ ಅಳತೆಯ ಎರಡು ಬಟ್ಟೆ ತುಂಡುಗಳ ಮೇಲೆ ಒಂದೊಂದು ಚಮಚ ನೀರು ಹಾಕಿ. ಒಂದನ್ನು ಬಿಸಿಲಲ್ಲಿ, ಇನ್ನೊಂದನ್ನು ನೆರಳಲ್ಲಿ ಹರಡಿ. ಯಾವುದು ಎಷ್ಟು ನಿಮಿಷಕ್ಕೆ ಒಣಗಿತು? ಬರೆದಿಡಿ.