ಕೆರೆಯ ನೀರಿಗಾಗಿ ಹತ್ತು ವರ್ಷ ಕೋರ್ಟು ಹತ್ತಿದ ಡಾ. ಬಿ.ಆರ್. ಅಂಬೇಡ್ಕರ್



ನಮ್ಮ ಅರಸೀಕೆರೆಗೆ ಹೆಸರು ಬಂದದ್ದೇ ಕೆರೆಯಿಂದ. ಹಳೇಬೀಡಿನ ದೊಡ್ಡ ಕೆರೆಯನ್ನು ನೋಡದವರು ಈ ಭಾಗದಲ್ಲಿ ಯಾರೂ ಇಲ್ಲ. ಮಳೆಯನ್ನೇ ನಂಬಿ ಬೇಸಾಯ ಮಾಡುವ ನಮಗೆ ಕೆರೆ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಬೆಳ್ಳಿ ಹಬ್ಬದ ಸಂಚಿಕೆಗೆ ಒಬ್ಬ ಮಹನೀಯರ ಬಗ್ಗೆ ಬರೆಯಬೇಕೆಂದು ತೀರ್ಮಾನವಾದಾಗ ನಾನು ಡಾ. ಅಂಬೇಡ್ಕರ್ ಅವರನ್ನು ಆರಿಸಿಕೊಂಡೆ. ಸಂವಿಧಾನ ಶಿಲ್ಪಿ ಎಂದು ಅವರು ಎಲ್ಲರಿಗೂ ಗೊತ್ತು. ಒಂದು ಕೆರೆಯ ನೀರಿಗಾಗಿ ಅವರು ನಡೆಸಿದ ಕೇಸು ಮಾತ್ರ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಭೀಮರಾಯರು ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯಭಾರತದ ಮಹೂ ಎಂಬ ದಂಡಿನ ಊರಿನಲ್ಲಿ. ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರು. ಮಹಾರ್ ಜಾತಿಯ ಮಗು ಎಂಬ ಕಾರಣಕ್ಕೆ ಶಾಲೆಯಲ್ಲಿ ಹುಡುಗ ಗೋಣಿ ತಾಟಿನ ಮೇಲೆ ಬೇರೆ ಕೂರಬೇಕಿತ್ತು. ಬಾಯಾರಿದರೆ ತಾನೇ ನೀರು ಮುಟ್ಟುವ ಹಾಗಿಲ್ಲ, ಜವಾನ ಎತ್ತಿ ಹೊಯ್ಯಬೇಕು. ಜವಾನ ಬರದ ದಿನ ನೀರೂ ಇಲ್ಲ. ಆ ಹುಡುಗನೇ ಬರೋಡಾ ಮಹಾರಾಜರ ಸಹಾಯದಿಂದ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ, ಆಮೇಲೆ ಲಂಡನ್ನಿನಲ್ಲೂ ಓದಿ, 1923ರಲ್ಲಿ ಬ್ಯಾರಿಸ್ಟರ್ ಆಗಿ ಮುಂಬಯಿಗೆ ವಾಪಸು ಬಂದರು. 1925ರಲ್ಲಿ ನಮ್ಮ ನಿಪ್ಪಾಣಿಗೂ ಬಂದು ಶೋಷಿತರ ಸಮ್ಮೇಳನದಲ್ಲಿ ಮಾತಾಡಿದ್ದರು.

ಆ ಕಾಲಕ್ಕೆ, ಸರ್ಕಾರದ ದುಡ್ಡಿನಲ್ಲಿ ನಡೆಯುವ ಕೆರೆ ಬಾವಿಗಳು ಎಲ್ಲರಿಗೂ ಸೇರಿದ್ದು ಎಂದು 1923ರಲ್ಲೇ ಮುಂಬಯಿ ಶಾಸನಸಭೆಯಲ್ಲಿ ಠರಾವು ಆಗಿತ್ತು. ಕೊಂಕಣದ ಮಹಾಡ್ ಪಟ್ಟಣದ ಮುನಿಸಿಪಾಲಿಟಿಯೂ ತನ್ನ ಚವದಾರ ಕೆರೆಯ ಬಗ್ಗೆ ಹಾಗೇ ಠರಾವು ಮಾಡಿತ್ತು. ಆದರೆ ಠರಾವು ಪುಸ್ತಕದಲ್ಲೇ ಉಳಿಯಿತು, ನೀರು ಮಾತ್ರ ಸಿಗಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ಮೆರವಣಿಗೆಯಲ್ಲಿ ಹೋಗಿ ಆ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಕುಡಿದರು. ಅಷ್ಟಕ್ಕೇ ಊರಲ್ಲಿ ಗಲಾಟೆ ಎದ್ದು, ಬಂದಿದ್ದವರಿಗೆ ಏಟು ಬಿತ್ತು. ಆಮೇಲೆ ಸಗಣಿ, ಗಂಜಲ ಹಾಕಿ ಕೆರೆಯನ್ನು ಶುದ್ಧಿ ಮಾಡಿದರು. ದನ ಕರು ಕುಡಿದರೆ ಕೆಡದ ನೀರು ಮನುಷ್ಯ ಕುಡಿದರೆ ಕೆಟ್ಟಿತ್ತು!

ಡಿಸೆಂಬರಿನಲ್ಲಿ ಮತ್ತೆ ಸಮ್ಮೇಳನ ಸೇರುವುದೆಂದು ಗೊತ್ತಾಯಿತು. ಮೇಲ್ಜಾತಿಯ ಕೆಲವರು 12ನೇ ತಾರೀಖು ಅಂಬೇಡ್ಕರ್ ಮತ್ತು ಜೊತೆಗಾರರ ಮೇಲೆ ದಾವಾ ಹೂಡಿದರು. ಕೆರೆ ತಮ್ಮದು, ಅಸ್ಪೃಶ್ಯರು ಮುಟ್ಟಬಾರದೆಂಬುದು ಅನಾದಿ ಕಾಲದ ರೂಢಿ ಎಂಬುದು ಅವರ ವಾದ. ಎರಡೇ ದಿನಕ್ಕೆ ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿತು. ಸಮ್ಮೇಳನಕ್ಕೆ ಸೇರಿದ್ದ ಸಾವಿರಾರು ಜನ ಕೆರೆಗೆ ನುಗ್ಗಲು ತಯಾರಾಗಿದ್ದರು. ಅಂಬೇಡ್ಕರ್ ತಡೆದರು. ಕೋರ್ಟಿನಲ್ಲೇ ಗೆಲ್ಲೋಣ ಎಂದು ಜನರನ್ನು ಒಪ್ಪಿಸಿ, ಕೆರೆ ಮುಟ್ಟದೆ ವಾಪಸು ಕಳಿಸಿದರು. ಸಿಟ್ಟು ನೆತ್ತಿಗೇರಿದ್ದಾಗ ತಡೆದುಕೊಳ್ಳುವುದು ಎಷ್ಟು ಕಷ್ಟ ಅಂತ ಬದುವಿನ ಜಗಳ ಕಂಡ ನಮಗೆ ಗೊತ್ತು.

ಆಮೇಲೆ ವಾಯಿದೆ ಮೇಲೆ ವಾಯಿದೆ. 1928ರ ಫೆಬ್ರವರಿಯಲ್ಲಿ ತಡೆಯಾಜ್ಞೆ ತೆರವಾಯಿತು. 1931ರಲ್ಲಿ ದಾವಾ ಅಂಬೇಡ್ಕರ್ ಕಡೆಗೆ ಆಯಿತು. ಎದುರು ಪಾರ್ಟಿಯವರು ಠಾಣೆ ಕೋರ್ಟಿಗೆ ಅಪೀಲು ಹೋದರು, 1933ರಲ್ಲಿ ಅಲ್ಲೂ ಸೋತರು. ಹೈಕೋರ್ಟಿಗೆ ಹೋದರು. 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟೂ ಅಪೀಲನ್ನು ವಜಾ ಮಾಡಿತು. ನೀರು ಕುಡಿದ ದಿನದಿಂದ ಲೆಕ್ಕ ಹಾಕಿದರೆ ಹತ್ತು ವರ್ಷಕ್ಕೆ ಮೂರೇ ದಿನ ಕಡಿಮೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಕೆರೆ ಮುನಿಸಿಪಾಲಿಟಿಯದು, ಅನಾದಿ ರೂಢಿ ಎಂಬುದು ಸಾಬೀತಾಗಿಲ್ಲ ಎಂದಷ್ಟೇ ಕೋರ್ಟು ಹೇಳಿತು. ಅಸ್ಪೃಶ್ಯತೆ ತಪ್ಪು ಎಂದು ಹೇಳಲಿಲ್ಲ. ರೂಢಿ ಸಾಬೀತಾಗಿದ್ದರೆ ಏನಾಗುತ್ತಿತ್ತೋ! ಒಂದು ಕೆರೆಗೆ ಹತ್ತು ವರ್ಷ ಆದರೆ ದೇಶದ ಕೆರೆ ಬಾವಿಗಳಿಗೆಲ್ಲ ಎಷ್ಟು ಜನ್ಮ ಬೇಕು? ಅಂಬೇಡ್ಕರ್ ಅಧ್ಯಕ್ಷತೆಯ ಸಮಿತಿ ಕರಡು ಮಾಡಿದ ಸಂವಿಧಾನದಲ್ಲಿ ಇದಕ್ಕೆ ಉತ್ತರ ಇದೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಹೆಸರು ಹಿಡಿದೇ ಬರೆದಿದೆ. ಅಮೆರಿಕದಲ್ಲಿ ಕರಿಯರ ಮಕ್ಕಳಿಗೆ ಬೇರೆ ಶಾಲೆ ಇಡಬಾರದೆಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 1954ರಲ್ಲಿ. ನಮ್ಮ ಸಂವಿಧಾನ 1950ರಲ್ಲೇ ಜಾರಿಗೆ ಬಂದಿತ್ತು.

ಅವರು ರೈತರನ್ನೂ ಮರೆಯಲಿಲ್ಲ. ಕೊಂಕಣದಲ್ಲಿ ಖೋತರೆಂಬ ಮಧ್ಯವರ್ತಿಗಳು ಗೇಣಿದಾರರನ್ನು ಹಿಂಡುತ್ತಿದ್ದರು. ಆ ಪದ್ಧತಿ ತೆಗೆಯಲು 1937ರಲ್ಲಿ ಮಸೂದೆ ತಂದರು. ಮರುವರ್ಷ ಜನವರಿಯಲ್ಲಿ ಸಾವಿರಾರು ರೈತರ ಮೆರವಣಿಗೆಯನ್ನು ಮುಂಬಯಿ ಶಾಸನಸಭೆಗೆ ಕರೆದೊಯ್ದರು. 1956ರ ಡಿಸೆಂಬರ್ 6ರಂದು ಅವರು ತೀರಿಕೊಂಡರು.

ಇನ್ನು ನಮ್ಮ ಸೀಮೆಯ ಮಾತು. ಬೇಲೂರು ಚೆನ್ನಿಗರಾಯನಿಗೆ ಪಾದರಕ್ಷೆ ಹೊಲಿದು ಒಪ್ಪಿಸುತ್ತಿದ್ದವರು ಮಾದಿಗ ಸಮಾಜದವರು. ಹೊಲಿದ ಜೋಡು ದೇವಸ್ಥಾನದ ಒಳಗೆ, ಹೊಲಿದವರು ವರ್ಷದ ಬಹುಪಾಲು ಹೊರಗೆ. 1948ರಲ್ಲಿ ಮೈಸೂರು ಸಂಸ್ಥಾನದಲ್ಲಿ ದೇವಸ್ಥಾನ ಪ್ರವೇಶದ ಕಾನೂನು ಬಂತು. ಆದರೂ ನಮ್ಮ ಹಾಸನ ಜಿಲ್ಲೆಯ ದಿಂಡಗೂರಿನಲ್ಲಿ ದಲಿತರು ಊರ ದೇವಸ್ಥಾನಗಳಿಗೆ ಮೊದಲ ಬಾರಿ ಕಾಲಿಟ್ಟದ್ದು 2021ರಲ್ಲಿ. ನಾನು ಸಣ್ಣವನಿದ್ದಾಗ ಒಂದು ಟೀ ಅಂಗಡಿಯಲ್ಲಿ ಸೂರಿಗೆ ಸಿಕ್ಕಿಸಿಟ್ಟ ಬೇರೆ ಲೋಟಗಳನ್ನು ಕಣ್ಣಾರೆ ಕಂಡಿದ್ದೇನೆ. ನಾನೂ ಆಗ ಏನೂ ಕೇಳದೆ ನನ್ನ ಲೋಟದಲ್ಲಿ ಟೀ ಕುಡಿದು ಬಂದವನೇ.

ನಮ್ಮ ಸಂಘದಲ್ಲಿ ಒಬ್ಬ ಸದಸ್ಯನಿಗೆ ಒಂದೇ ಓಟು. ಹತ್ತು ಎಕರೆಯವನಿಗೂ ಹತ್ತು ಗುಂಟೆಯವನಿಗೂ ಗೊಬ್ಬರಕ್ಕೆ ಒಂದೇ ಸಾಲು. ಇದು ಬೈಲಾದಲ್ಲಿದೆ. ಮಹಾಡಿನ ಠರಾವೂ ಪುಸ್ತಕದಲ್ಲಿತ್ತು. ಪುಸ್ತಕದಲ್ಲಿ ಇರುವುದು ಸಾಲ ಮಂಜೂರು ಮಾಡುವಾಗ, ಸರ್ವಸದಸ್ಯರ ಸಭೆಯ ದಿನ ಊಟದ ಪಂಕ್ತಿ ಹಾಕುವಾಗ ನಡೆಯುತ್ತಿದೆಯೇ ಎಂದು ನಿರ್ದೇಶಕರಾದ ನಾವೇ ಮೊದಲು ನೋಡಿಕೊಳ್ಳಬೇಕು. ಯಾರೂ ಇದಕ್ಕಾಗಿ ಹತ್ತು ವರ್ಷ ಕೋರ್ಟು ಹತ್ತುವಂತೆ ಆಗಬಾರದು. ಇಪ್ಪತ್ತೈದು ತುಂಬಿದ ಸಂಘ ಆ ಮಹನೀಯರಿಗೆ ಸಲ್ಲಿಸಬಹುದಾದ ಗೌರವ ಇದೇ ಎಂದು ತಿಳಿದು, ನನ್ನ ನಾಲ್ಕು ಮಾತು ಮುಗಿಸುತ್ತೇನೆ.

ಜೈ ಸಹಕಾರ.