ಮೊಗದ ಮಾತನ್ನು ಅರಸಿದ ಡಾರ್ವಿನ್

ಮುಖವು ಮನಸ್ಸಿನ ಕನ್ನಡಿಯೆಂದು ಹಿರಿಯರು ಹೇಳುತ್ತಾರೆ. ಸಂತೋಷವಾದಾಗ ಮುಖ ಅರಳುತ್ತದೆ, ದುಃಖವಾದಾಗ ಬಾಡುತ್ತದೆ, ಕೋಪ ಬಂದಾಗ ಹುಬ್ಬು ಗಂಟಿಕ್ಕುತ್ತದೆ. ಇವು ನಾವು ದಿನವೂ ಕಾಣುವ ಸಂಗತಿಗಳು. ಆದರೆ ಹೀಗಾಗಲು ಕಾರಣವೇನು? ಲೋಕದ ಎಲ್ಲ ಜನರ ಮುಖವೂ ಒಂದೇ ಭಾಷೆಯನ್ನು ಆಡುತ್ತದೆಯೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಅರಸುತ್ತ ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ತಾಳ್ಮೆಯಿಂದ ದುಡಿದ ವಿಜ್ಞಾನಿಯೇ ಚಾರ್ಲ್ಸ್ ಡಾರ್ವಿನ್.

ಡಾರ್ವಿನ್ 1809ರ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿ ಎಂಬ ಊರಿನಲ್ಲಿ ಜನಿಸಿದನು. ಎಂಟನೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡನು. ವೈದ್ಯನಾಗಿದ್ದ ತಂದೆಯು, ಮಗನೂ ವೈದ್ಯನಾಗಲೆಂದು ಬಯಸಿ ಅವನನ್ನು ಎಡಿನ್‌ಬರೋ ನಗರಕ್ಕೆ ಕಳುಹಿಸಿದನು. ಅರಿವಳಿಕೆಯ ಮದ್ದು ಬಳಕೆಗೆ ಬಾರದಿದ್ದ ಕಾಲವದು. ಅಲ್ಲಿ ಮಗುವೊಂದಕ್ಕೆ ನಡೆಯುತ್ತಿದ್ದ ಶಸ್ತ್ರಚಿಕಿತ್ಸೆಯನ್ನು ನೋಡಲಾರದೆ ಡಾರ್ವಿನ್ ಹೊರಗೋಡಿದನು. ಪರರ ನೋವಿಗೆ ಹೀಗೆ ಮಿಡಿಯುತ್ತಿದ್ದ ಅವನ ಮನಸ್ಸು ವೈದ್ಯವೃತ್ತಿಗೆ ಒಗ್ಗಲಿಲ್ಲ.

1831ರ ಡಿಸೆಂಬರಿನಲ್ಲಿ ಅವನು ಬೀಗಲ್ ಎಂಬ ಹಡಗನ್ನೇರಿ ಲೋಕಸಂಚಾರಕ್ಕೆ ಹೊರಟನು. ಬ್ರೆಜಿಲ್ ದೇಶದಲ್ಲಿ ಆಗ ಗುಲಾಮಗಿರಿ ಇನ್ನೂ ಉಳಿದಿತ್ತು. ಅಲ್ಲಿ ಒಮ್ಮೆ ದೋಣಿಯಲ್ಲಿ ನದಿ ದಾಟುತ್ತಿದ್ದಾಗ ಡಾರ್ವಿನ್ ಜೊತೆಯಲ್ಲಿದ್ದ ಕಪ್ಪುಜನಾಂಗದವನೊಬ್ಬನಿಗೆ ಏನನ್ನೋ ತಿಳಿಸಲು ಪ್ರಯತ್ನಿಸಿದನು. ಭಾಷೆ ಅರ್ಥವಾಗದಿರಲು, ಧ್ವನಿಯೇರಿಸಿ ಕೈಸನ್ನೆ ಮಾಡತೊಡಗಿದನು. ಕೈ ತನ್ನ ಮುಖದ ಬಳಿ ಸುಳಿದೊಡನೆ ಆ ಮನುಷ್ಯನು ಹೊಡೆತ ಬೀಳುವುದೆಂದು ಬಗೆದು, ಕಣ್ಣುಗಳನ್ನು ಅರೆಮುಚ್ಚಿ, ಕೈಗಳನ್ನು ಇಳಿಬಿಟ್ಟು ನಿಂತುಬಿಟ್ಟನು. ತನ್ನನ್ನು ರಕ್ಷಿಸಿಕೊಳ್ಳಲು ಸಹ ಅವನು ಕೈಯೆತ್ತಲಿಲ್ಲ. ಭಾಷೆ ತಿಳಿಸಲಾರದುದನ್ನು ಆ ಮುಖವು ತಿಳಿಸಿತ್ತು. ಡಾರ್ವಿನ್ ನಾಚಿಕೆಯಿಂದ ಕುಗ್ಗಿದನು. ಆ ಮುಖವನ್ನು ಅವನು ಎಂದಿಗೂ ಮರೆಯಲಿಲ್ಲ.

1836ರಲ್ಲಿ ಸ್ವದೇಶಕ್ಕೆ ಮರಳಿದ ಡಾರ್ವಿನ್ 1838ರಿಂದ ಮುಖಭಾವಗಳನ್ನು ಕುರಿತು ಟಿಪ್ಪಣಿಗಳನ್ನು ಬರೆಯತೊಡಗಿದನು. ಮರುವರ್ಷ ಎಮ್ಮ ಎಂಬಾಕೆಯನ್ನು ವಿವಾಹವಾದನು. ಚೊಚ್ಚಲ ಮಗ ಹುಟ್ಟಿದಾಗ ಮನೆಯೇ ಪ್ರಯೋಗಶಾಲೆಯಾಯಿತು. ಮಗು ನಿಜವಾಗಿ ನಕ್ಕುದು 45ನೆಯ ದಿನದಂದು ಎಂಬುದನ್ನೂ ತಂದೆಯು ಗುರುತಿಸಿಕೊಂಡನು. ಮಗುವಿಗೆ ಆರು ತಿಂಗಳು ಕಳೆದಾಗ ದಾದಿಯು ಅಳುವಂತೆ ನಟಿಸಿದಳು; ಒಡನೆಯೇ ಮಗುವಿನ ತುಟಿಯ ಅಂಚುಗಳು ಕೆಳಗೆ ಬಾಗಿದವು. ಇತರರ ದುಃಖವನ್ನು ಗುರುತಿಸುವ ಶಕ್ತಿ ಹುಟ್ಟಿನಿಂದಲೇ ಬಂದಿರಬೇಕೆಂದು ಡಾರ್ವಿನ್ ಭಾವಿಸಿದನು.

ದುಃಖವು ಅವನ ಮನೆಯ ಬಾಗಿಲಿಗೂ ಬಂದಿತು. 1851ರಲ್ಲಿ ಅವನ ಮುದ್ದಿನ ಮಗಳು ಆನಿ ಹತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಮುಂದೆ ಅವನು ತನ್ನ ಗ್ರಂಥದಲ್ಲಿ ರೈಲಿನಲ್ಲಿ ಕಂಡ ವೃದ್ಧೆಯೊಬ್ಬಳನ್ನು ವರ್ಣಿಸಿದ್ದಾನೆ. ಶಾಂತಳಾಗಿ ಕುಳಿತಿದ್ದ ಆಕೆಯ ತುಟಿಯ ಅಂಚುಗಳು ಮೆಲ್ಲನೆ ಕೆಳಗೆ ಜಗ್ಗಿದವು. ಮರುಗಳಿಗೆಯಲ್ಲಿ ಕಣ್ಣುಗಳು ತುಂಬಿ ಬಂದವು. ಎಂದೋ ಕಳೆದುಕೊಂಡ ಮಗುವಿನ ನೆನಪು ಆಕೆಗೆ ಬಂದಿರಬಹುದೆಂದು ಅವನು ಊಹಿಸಿದನು.

ಆ ಕಾಲದ ಕೆಲವು ಪಂಡಿತರು ಬೇರೆ ಬೇರೆ ಜನಾಂಗಗಳ ಮೂಲವೇ ಬೇರೆಯೆಂದು ವಾದಿಸುತ್ತಿದ್ದರು. ಡಾರ್ವಿನ್ ಇದನ್ನು ಒಪ್ಪಲಿಲ್ಲ. ಆದರೆ ವಿಜ್ಞಾನಿಗೆ ನಂಬಿಕೆಯೊಂದೇ ಸಾಲದು, ಆಧಾರ ಬೇಕು. 1867ರಲ್ಲಿ ಅವನು 16 ಪ್ರಶ್ನೆಗಳ ಪಟ್ಟಿಯನ್ನು ಅಚ್ಚು ಹಾಕಿಸಿ ದೂರದೇಶಗಳಿಗೆ ಕಳುಹಿಸಿದನು. ಅಚ್ಚರಿಯಾದಾಗ ಅಲ್ಲಿಯವರ ಕಣ್ಣು, ಬಾಯಿ ಅಗಲವಾಗುತ್ತವೆಯೆ? ನಾಚಿದಾಗ ಮುಖ ಕೆಂಪೇರುತ್ತದೆಯೆ? ಇಂತಹ ಪ್ರಶ್ನೆಗಳಿಗೆ 36 ಮಂದಿ ಉತ್ತರ ಬರೆದರು. ಕಲ್ಕತ್ತೆಯ ಸಸ್ಯೋದ್ಯಾನದಲ್ಲಿದ್ದ ಜಾನ್ ಸ್ಕಾಟ್ ಅವರಲ್ಲೊಬ್ಬನು. ಮುಖ್ಯವಾದ ಭಾವಗಳು ಎಲ್ಲೆಡೆಯೂ ಬಹುಮಟ್ಟಿಗೆ ಒಂದೇ ರೀತಿಯಲ್ಲಿ ಪ್ರಕಟವಾಗುತ್ತವೆಯೆಂದು ಡಾರ್ವಿನ್ ನಿರ್ಣಯಿಸಿದನು. ಮಾನವಕುಲವೆಲ್ಲವೂ ಒಂದೇ ಮೂಲದಿಂದ ಬಂದುದೆಂಬುದಕ್ಕೆ ಇದು ಹೊಸ ಆಧಾರವಾಯಿತು. ಫ್ರಾನ್ಸಿನ ವೈದ್ಯ ಡುಶೆನ್ ತೆಗೆಸಿದ ಛಾಯಾಚಿತ್ರಗಳೂ ಅವನಿಗೆ ನೆರವಾದವು. ನಿಜವಾದ ನಗೆಯಲ್ಲಿ ತುಟಿಯಷ್ಟೇ ಅಲ್ಲ, ಕಣ್ಣಿನ ಸುತ್ತಲಿನ ಸ್ನಾಯುವೂ ಪಾಲ್ಗೊಳ್ಳುವುದೆಂದು ಡುಶೆನ್ ತೋರಿಸಿದ್ದನು.

ಈ ಸಂಶೋಧನೆಯ ಫಲವಾದ ಗ್ರಂಥವು 1872ರಲ್ಲಿ ಪ್ರಕಟವಾಯಿತು. ಅದರಲ್ಲಿನ ಎಲ್ಲ ಊಹೆಗಳೂ ಉಳಿದಿಲ್ಲ. ರೂಢಿಯಿಂದ ಬಂದ ಅಭ್ಯಾಸಗಳು ವಂಶಪಾರಂಪರ್ಯವಾಗಿ ಇಳಿದುಬರುತ್ತವೆಂಬ ಅವನ ಅಭಿಪ್ರಾಯವನ್ನು ಇಂದಿನ ವಿಜ್ಞಾನವು ಒಪ್ಪುವುದಿಲ್ಲ. ಮುಖಭಾವದ ಮೇಲೆ ಆಯಾ ನಾಡಿನ ಸಂಸ್ಕೃತಿಯ ಪ್ರಭಾವ ಎಷ್ಟೆಂಬ ಚರ್ಚೆಯೂ ಮುಗಿದಿಲ್ಲ. ಆದರೆ ಅವನು ತೆರೆದ ದಾರಿಯಲ್ಲಿಯೇ ವಿಜ್ಞಾನಿಗಳು ಇಂದಿಗೂ ನಡೆಯುತ್ತಿದ್ದಾರೆ.

1882ರ ಏಪ್ರಿಲ್ 19ರಂದು ಡಾರ್ವಿನ್ ನಿಧನನಾದನು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಅವನ ಸಮಾಧಿಯಿದೆ. ಬಣ್ಣ, ಭಾಷೆ, ದೇಶ ಬೇರೆಯಾದರೂ ನೊಂದವರ ಮುಖ ನಮಗೆ ಅರ್ಥವಾಗುತ್ತದೆ. ಅರ್ಥವಾದ ಮೇಲೂ ಕಾಣದವರಂತೆ ಇರುವುದು ಮನುಷ್ಯನಿಗೆ ತಕ್ಕುದಲ್ಲ.